ಸೊಹ್ರಾದ ಗುಹೆಗಳು: ಮೊಣಕಾಲು ನೋವಿರುವ ಅಮ್ಮ, ಕತ್ತಲೆಗೆ ಅಂಜುವ ಮಗ. ಯಾವುದಕ್ಕೆ ಹೋಗಬಹುದು?

ಹೊಳೆದಂಡೆ:

ಎಲ್ಲರಿಗೂ ನಮಸ್ಕಾರ. ಜನವರಿ ಎರಡನೆಯ ವಾರ ನಾವು ನಾಲ್ವರು ಮೇಘಾಲಯಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗ, ಜೊತೆಗೆ ಅರವತ್ತೇಳರ ಅಮ್ಮ. ಶಿಲ್ಲಾಂಗ್ ನೋಡಿಕೊಂಡು ಸೊಹ್ರಾಕ್ಕೆ, ಅಂದರೆ ನಾವು ಶಾಲೆಯಲ್ಲಿ ಚಿರಾಪುಂಜಿ ಎಂದು ಓದಿದ ಊರಿಗೆ ಹೋಗಿ ಎರಡು ರಾತ್ರಿ ಅಲ್ಲೇ ಉಳಿಯುವ ಯೋಚನೆ. ಜಲಪಾತಗಳ ಬಗ್ಗೆ ತಲೆಬಿಸಿಯಿಲ್ಲ, ಚಳಿಗಾಲದಲ್ಲಿ ನೀರು ಕಡಿಮೆ ಎಂಬುದು ಗೊತ್ತಿದೆ. ಗೊಂದಲವಿರುವುದು ಗುಹೆಗಳ ವಿಷಯದಲ್ಲಿ.

ಮಾವ್‌ಸ್ಮಾಯ್ ಗುಹೆ ಎಲ್ಲರ ಪಟ್ಟಿಯಲ್ಲೂ ಇದೆ. ಆದರೆ ಹೋಗಿಬಂದವರಲ್ಲಿ ಅರ್ಧ ಜನ "ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ" ಎನ್ನುತ್ತಾರೆ, ಇನ್ನರ್ಧ ಜನ "ಉಸಿರು ಕಟ್ಟುತ್ತದೆ" ಎನ್ನುತ್ತಾರೆ. ಅಮ್ಮನಿಗೆ ಮೆಟ್ಟಿಲು ಹತ್ತುವುದು ಪರವಾಗಿಲ್ಲ, ಇಳಿಯುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ಮಗನಿಗೆ ಕಲ್ಲುಗಳೆಂದರೆ ಪ್ರಾಣ, ಕತ್ತಲೆಯೆಂದರೆ ಭಯ. ಯಜಮಾನರು ಮಾವ್‌ಮ್ಲು ಗುಹೆಯ ಬಗ್ಗೆ ಎಲ್ಲೋ ಓದಿ, ಅಲ್ಲಿಗೇ ಹೋಗಬೇಕು ಎಂದು ಹಟ ಹಿಡಿದಿದ್ದಾರೆ.

ಮೂವರಿಗೂ ಹೊಂದುವ ಒಂದು ಗುಹೆ ಇದೆಯೇ? ಇಲ್ಲವಾದರೆ ಯಾರನ್ನು ಎಲ್ಲಿ ಬಿಟ್ಟು ಯಾರು ಎಲ್ಲಿಗೆ ಹೋಗುವುದು? ಹೋದವರು ದಯವಿಟ್ಟು ತಿಳಿಸಿ.

ಬೆಟ್ಟದ ಬಸ್:

ಜನವರಿ ಒಳ್ಳೆಯ ಕಾಲ. ಗುಹೆಗಳ ನೆಲ ಆದಷ್ಟು ಒಣಗಿರುವುದು ಆಗಲೇ. ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಅಲ್ಲಿ ಸಂಜೆ ಬಹಳ ಬೇಗ ಆಗುತ್ತದೆ. ಐದು ಗಂಟೆಯೊಳಗೇ ಸೂರ್ಯ ಮುಳುಗಿರುತ್ತಾನೆ. ನಮ್ಮ ಕಡೆಯ ಲೆಕ್ಕದಲ್ಲಿ ಮಧ್ಯಾಹ್ನ ಊಟ ಮುಗಿಸಿ ನಿಧಾನವಾಗಿ ಹೊರಟರೆ ಏನೂ ನೋಡಲಾಗುವುದಿಲ್ಲ. ಎರಡು, ಭಾನುವಾರ ಜನ ಚರ್ಚಿಗೆ ಹೋಗುತ್ತಾರೆ, ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಅಂದು ಊಟಕ್ಕೂ ಪರದಾಡಬೇಕಾಗಬಹುದು.

ಶಿಲ್ಲಾಂಗ್‌ನಿಂದ ಸೊಹ್ರಾ ಐವತ್ತೈದು ಕಿಲೋಮೀಟರಿನ ಆಸುಪಾಸು. ಬೆಟ್ಟದ ರಸ್ತೆ, ಎರಡು ಗಂಟೆ ಎಂದುಕೊಳ್ಳಿ. ಷೇರ್ ಸುಮೋಗಳು ಸಿಗುತ್ತವೆ, ಆದರೆ ಅಮ್ಮನನ್ನು ಅದರಲ್ಲಿ ಕೂರಿಸಬೇಡಿ. ಒಂದು ಸಾಲಿನಲ್ಲಿ ನಾಲ್ಕು ಜನರನ್ನು ತುಂಬುತ್ತಾರೆ, ಕಾಲು ಚಾಚಲು ಆಗುವುದಿಲ್ಲ. ಗುಹೆಗಳ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ, ಸುಣ್ಣಕಲ್ಲು ಮೇಡಂ ಬರುವವರೆಗೆ ಕಾಯಿರಿ.

ಸುಣ್ಣಕಲ್ಲು:

ಬಂದೆ. ಶಿಲ್ಲಾಂಗ್‌ನಲ್ಲಿ ಹಲವು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಚಳಿಗಾಲ ಬಂತೆಂದರೆ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಸೊಹ್ರಾಕ್ಕೆ ಹೋಗುತ್ತಿದ್ದೆ. ಆ ಗುಹೆಗಳ ಬಗ್ಗೆ ಕೇಳಿದರೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಅಮ್ಮನ ವಿಷಯ. ಮಾವ್‌ಸ್ಮಾಯ್‌ನಲ್ಲಿ ದೀಪ ಹಾಕಿ ಜನರಿಗೆ ತೆರೆದಿಟ್ಟಿರುವ ಭಾಗ ಸುಮಾರು ನೂರೈವತ್ತು ಮೀಟರ್ ಅಷ್ಟೇ. ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುತ್ತೀರಿ. ಬಾಯಿ ಅಗಲವಾಗಿದೆ, ಒಳಗೆ ಮೊದಲು ಸಿಗುವ ಅಂಗಳ ಎತ್ತರವಾಗಿದೆ. ಅಲ್ಲಿಯವರೆಗೆ ಅಮ್ಮ ನಿಮ್ಮ ತೋಳು ಹಿಡಿದು ಬರಬಹುದು. ಅದರಾಚೆ ದಾರಿ ಕಿರಿದಾಗುತ್ತದೆ. ಒಂದೆರಡು ಕಡೆ ಮೈ ಅಡ್ಡ ತಿರುಗಿಸಿ, ತಲೆ ತಗ್ಗಿಸಿ, ಮೊಣಕಾಲು ಮಡಚಿ ನುಸುಳಬೇಕು. ಕಾಲ ಕೆಳಗೆ ಉಬ್ಬುತಗ್ಗಿನ ಒದ್ದೆ ಕಲ್ಲು. ಮೊಣಕಾಲು ನೋವಿರುವವರಿಗೆ ಕಷ್ಟವಾಗುವುದು ಮೆಟ್ಟಿಲಲ್ಲ, ಈ ಮಡಚಿದ ಕಾಲಿನಲ್ಲಿ ಭಾರ ಹೊತ್ತು ನಿಲ್ಲುವ ಕ್ಷಣ. ಆದ್ದರಿಂದ ಮೊದಲ ಅಂಗಳ ನೋಡಿಕೊಂಡು ಅಮ್ಮನನ್ನು ಬಂದ ದಾರಿಯಲ್ಲೇ ಹೊರಗೆ ಕರೆತನ್ನಿ. ಒಳಗೆ ಜನದಟ್ಟಣೆ ಇದ್ದರೆ ಹಿಂದೆ ತಿರುಗುವುದು ಸುಲಭವಲ್ಲ. ಹಾಗಾಗಿ ಬೆಳಿಗ್ಗೆ ಟಿಕೆಟ್ ಕೊಡಲು ಶುರುಮಾಡಿದ ಕೂಡಲೇ ಅಲ್ಲಿರಬೇಕು. ಶಿಲ್ಲಾಂಗ್‌ನಿಂದ ದಿನದ ಪ್ರವಾಸಕ್ಕೆ ಬರುವ ಗಾಡಿಗಳು ಮಧ್ಯಾಹ್ನದ ಹೊತ್ತಿಗೆ ಮುತ್ತಿಕೊಳ್ಳುತ್ತವೆ. ಸೊಹ್ರಾದಲ್ಲೇ ಉಳಿಯುವ ನಿಮಗೆ ಅವರಿಗಿಂತ ಮೊದಲು ಹೋಗುವ ಅನುಕೂಲವಿದೆ, ಅದನ್ನು ಬಿಡಬೇಡಿ.

ಆದರೆ ಒಂದೇ ಗುಹೆ ನೋಡಲು ಸಾಧ್ಯ ಎಂದಾದರೆ ನಾನು ಮಾವ್‌ಸ್ಮಾಯ್ ಬಿಟ್ಟು ಅರ್ವಾ ಗುಹೆಗೆ ಕಳುಹಿಸುತ್ತೇನೆ. ಅದೂ ಸೊಹ್ರಾದ ಹತ್ತಿರವೇ. ಗಾಡಿ ನಿಲ್ಲಿಸಿದ ಮೇಲೆ ಬೆಟ್ಟದ ಮಗ್ಗುಲಲ್ಲಿ ಕೊರೆದ ಕಾಲುದಾರಿಯಲ್ಲಿ ಸ್ವಲ್ಪ ದೂರ ನಡೆಯಬೇಕು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ. ಅಮ್ಮ ಗುಹೆಯ ಒಳಗೆ ಬಾರದಿದ್ದರೂ ಆ ದಾರಿ ನಡೆದದ್ದಕ್ಕೇ ಬಂದದ್ದು ಸಾರ್ಥಕ ಎನ್ನುತ್ತಾರೆ. ನಿಧಾನವಾಗಿ, ನಿಂತು ನಿಂತು ಬರಲಿ. ಗುಹೆಯ ಬಾಯಿ ವಿಶಾಲವಾಗಿದೆ, ನೆರಳಿದೆ. ಅಲ್ಲಿ ಅವರನ್ನು ಕೂರಿಸಿ ನೀವು ಒಳಗೆ ಹೋಗಿಬರಬಹುದು.

ಇನ್ನು ಕಲ್ಲಿನ ಮೇಲೆ ಪ್ರೀತಿಯಿರುವ ಮಗ. ಅರ್ವಾ ಅವನದೇ ಗುಹೆ. ಸೊಹ್ರಾದ ಸುಣ್ಣಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ. ಐದು ಕೋಟಿ ವರ್ಷಕ್ಕಿಂತಲೂ ಹಿಂದೆ ಅಲ್ಲಿ ಬೆಚ್ಚನೆಯ, ಆಳವಿಲ್ಲದ ಸಮುದ್ರವಿತ್ತು. ಚಿಪ್ಪಿನ ಜೀವಿಗಳು ಸತ್ತು, ಅವುಗಳ ಚಿಪ್ಪು ಪದರಪದರವಾಗಿ ಕೂತು ಈ ಕಲ್ಲಾಯಿತು. ಆಮೇಲೆ ನೆಲ ಮೇಲೆದ್ದಿತು. ಈಗ ಅದೇ ಸಮುದ್ರದ ತಳ ಸಾವಿರ ಮೀಟರಿಗೂ ಹೆಚ್ಚು ಎತ್ತರದಲ್ಲಿ ಮೋಡದ ನಡುವೆ ಇದೆ. ಅರ್ವಾದ ಗೋಡೆಯ ಮೇಲೆ ಟಾರ್ಚನ್ನು ನೇರವಾಗಿ ಬಿಡದೆ, ಗೋಡೆಗೆ ಒರಗಿಸಿದಂತೆ ಓರೆಯಾಗಿ ಹಿಡಿಯಲು ಹೇಳಿ. ನೇರ ಬೆಳಕಿನಲ್ಲಿ ಬರೀ ಬೂದು ಕಲ್ಲು. ಓರೆ ಬೆಳಕು ಬಿದ್ದಾಗ ಚಿಪ್ಪಿನ ಅಂಚು, ಬಸವನ ಹುಳುವಿನ ಸುರುಳಿ, ಸಣ್ಣ ಸಣ್ಣ ಗೆರೆಗಳು ನೆರಳಿನೊಡನೆ ಎದ್ದು ನಿಲ್ಲುತ್ತವೆ. ಅಲ್ಲಿಯ ಹುಡುಗರು ಮಾರ್ಗದರ್ಶಕರಾಗಿ ಬಂದರೆ ಕರೆದುಕೊಳ್ಳಿ, ಯಾವ ಮೂಲೆಯಲ್ಲಿ ಏನಿದೆ ಎಂಬುದು ಅವರಿಗೆ ಕರತಲಾಮಲಕ. ಕೊಡುವ ಹಣಕ್ಕೆ ಚೌಕಾಸಿ ಮಾಡಬೇಡಿ. ಇಲ್ಲಿನ ಬಹುಪಾಲು ನೆಲ ಊರಿನ ಅಥವಾ ಕುಲದ ಆಸ್ತಿ, ಸರ್ಕಾರದ್ದಲ್ಲ. ಗುಹೆಯಿಂದ ಊರಿಗೆ ಆದಾಯ ಬಂದರೆ ಗುಹೆ ಉಳಿಯುತ್ತದೆ. ಸುಣ್ಣಕಲ್ಲನ್ನು ಸಿಮೆಂಟಿಗೆ ಕೊಳ್ಳುವವರು ಯಾವಾಗಲೂ ಬಾಗಿಲಲ್ಲೇ ಇದ್ದಾರೆ.

"ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ" ಎಂದವರ ಬಗ್ಗೆ ಒಂದು ಮಾತು. ನೂರೈವತ್ತು ಮೀಟರನ್ನು ಯಾರು ಬೇಕಾದರೂ ಹದಿನೈದು ನಿಮಿಷದಲ್ಲಿ ನಡೆಯಬಹುದು. ಮುಂದಿನವರ ಬೆನ್ನು ನೋಡುತ್ತಾ ಹೋಗಿ ಹೊರಗೆ ಬಂದರೆ ನೋಡಿದ್ದು ಬೆನ್ನು, ಗುಹೆಯಲ್ಲ. ನನ್ನ ಮಾತು ಕೇಳಿ ಒಂದು ಕಡೆ ನಿಲ್ಲಿ. ಚಾವಣಿಯಲ್ಲಿ ಕೊಳವೆಯಂತಹ ಬಿಳಿಯ ತೊಂಗಲು ಹುಡುಕಿ. ಸುಮಾರು ಅರ್ಧ ಸೆಂಟಿಮೀಟರ್ ದಪ್ಪ, ಒಳಗೆ ಟೊಳ್ಳು. ಅದರ ತುದಿಯಲ್ಲಿ ಒಂದು ಹನಿ ತೂಗುತ್ತಿರುತ್ತದೆ. ಆ ಹನಿ ಮಳೆಯಾಗಿ ಬಿದ್ದು, ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಸ್ವಲ್ಪ ಹುಳಿಯಾಗಿ, ಕಲ್ಲಿನ ಬಿರುಕಿನಲ್ಲಿ ಸುಣ್ಣವನ್ನು ಕರಗಿಸಿಕೊಂಡು ಬಂದಿದೆ. ಗುಹೆಯ ಗಾಳಿಗೆ ಬಂದ ಕೂಡಲೇ ಆ ಅನಿಲ ಹಾರಿಹೋಗುತ್ತದೆ, ಸುಣ್ಣವನ್ನು ಹಿಡಿದಿಡುವ ಶಕ್ತಿ ನೀರಿಗೆ ಸಾಲದಾಗುತ್ತದೆ. ಹನಿಯ ಅಂಚಿನಲ್ಲಿ, ಕೊಳವೆಯ ಬಾಯಿಯ ಸುತ್ತ ಕಣ್ಣಿಗೆ ಕಾಣದಷ್ಟು ತೆಳುವಾದ ಸುಣ್ಣದ ಉಂಗುರ ಕೂರುತ್ತದೆ. ಹನಿ ಬೀಳುತ್ತದೆ. ಇನ್ನೊಂದು ತುಂಬಿಕೊಳ್ಳುತ್ತದೆ. ಹತ್ತು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಅದು ಸಾಧಾರಣ ವೇಗ. ಗುಹೆಯಿಂದ ಗುಹೆಗೆ, ಹನಿಯಿಂದ ಹನಿಗೆ ಲೆಕ್ಕ ಬದಲಾಗುತ್ತದೆ. ಮಗನಿಗೆ ಹೇಳಿ, ಅವನ ಕಿರುಬೆರಳಿನ ಉದ್ದದ ತೊಂಗಲು ಅವನ ಮುತ್ತಜ್ಜನ ಅಜ್ಜನಿಗಿಂತ ಹಿರಿದು.

ಅದಕ್ಕೇ ಮುಟ್ಟಬೇಡಿ ಎನ್ನುವುದು. ನಮ್ಮ ಅಂಗೈಯಲ್ಲಿ ಎಣ್ಣೆಯ ಅಂಶವಿದೆ. ಅದು ಕಲ್ಲಿಗೆ ಹತ್ತಿದರೆ ನೀರು ಆ ಜಾಗದಲ್ಲಿ ಅಂಟದೆ ಜಾರುತ್ತದೆ, ಸುಣ್ಣ ಕೂರುವುದಿಲ್ಲ, ಧೂಳು ಕೂತು ಕಪ್ಪಾಗುತ್ತದೆ. ಮಾವ್‌ಸ್ಮಾಯ್‌ನ ಇಕ್ಕಟ್ಟಿನಲ್ಲಿ ಕೈ ಎಟಕುವ ಎತ್ತರದಲ್ಲಿ ಕಲ್ಲು ನುಣುಪಾಗಿರುವುದನ್ನು ನೋಡುತ್ತೀರಿ. ಅಲ್ಲಿ ಹಿಡಿಯದೆ ದಾಟಲು ಆಗುವುದಿಲ್ಲ, ಹಿಡಿಯಿರಿ, ಬಿದ್ದು ಕಾಲು ಮುರಿದುಕೊಳ್ಳುವುದು ಬೇಡ. ಸವೆದ ಕಡೆ ಮಾತ್ರ ಹಿಡಿಯಿರಿ. ಹನಿ ತೊಟ್ಟಿಕ್ಕುವ ಕಡೆ, ಬಿಳಿಯಾಗಿ ಮಿಂಚುವ ಕಡೆ ಬೆರಳು ಹೋಗಬಾರದು. ಫೋಟೊ ತೆಗೆಸಿಕೊಳ್ಳಲು ಕಂಬವನ್ನು ತಬ್ಬಿ ನಿಲ್ಲುವವರನ್ನು ಕಂಡರೆ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಹೊಳೆದಂಡೆ:

ಮೇಡಂ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬಾ ಧನ್ಯವಾದ. ಮಗನಿಗೆ ಓದಿ ಹೇಳಿದೆ. ಅವನದು ಮೂರು ಪ್ರಶ್ನೆ. ಒಳಗೆ ಕರೆಂಟ್ ಹೋದರೆ? ಬಾವಲಿ ತಲೆಗೆ ಕೂತರೆ? ನೆಲದಲ್ಲಿ ಬಿದ್ದಿರುವ ಕಲ್ಲನ್ನಾದರೂ ಮನೆಗೆ ತರಬಹುದೇ?

ನನ್ನದು ಒಂದು. ಅವನು ಬಾಗಿಲಲ್ಲಿ ಬಂದು ಒಳಗೆ ಬರುವುದಿಲ್ಲ ಎಂದರೆ ಏನು ಮಾಡುವುದು? ಎತ್ತಿಕೊಂಡು ಹೋಗುವುದೇ? ಯಜಮಾನರ ಮಾವ್‌ಮ್ಲು ವಿಷಯವನ್ನೂ ದಯವಿಟ್ಟು ಹೇಳಿ, ಅವರು ಈ ಪುಟವನ್ನು ನನಗಿಂತ ಹೆಚ್ಚು ಸಲ ತೆರೆದು ನೋಡುತ್ತಿದ್ದಾರೆ.

ಇರುಳುರೆಕ್ಕೆ:

ಬಾವಲಿಯ ಪ್ರಶ್ನೆ ನನಗಿರಲಿ, ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಪುಟ್ಟಾ, ಬಾವಲಿ ನಿನ್ನ ತಲೆಗೆ ಕೂರುವುದಿಲ್ಲ. ಗುಹೆಯ ಬಾವಲಿಗಳಲ್ಲಿ ಹೆಚ್ಚಿನವು ನಮಗೆ ಕೇಳಿಸದಷ್ಟು ಕೀರಲು ದನಿಯಲ್ಲಿ ಕೂಗಿ, ಮರಳಿ ಬರುವ ಸದ್ದಿನಿಂದ ಮುಂದೇನಿದೆ ಎಂದು ತಿಳಿಯುತ್ತವೆ. ಹಾರಾಡುವ ಸೊಳ್ಳೆಯನ್ನೇ ಗುರುತಿಸುವ ಜೀವಿಗೆ ನಿನ್ನ ತಲೆ ಕಾಣದೆ ಹೋದೀತೇ? ಹತ್ತಿರ ಹಾರಿದರೂ ತಪ್ಪಿಸಿಕೊಂಡು ಹೋಗುತ್ತದೆ. ಮಾವ್‌ಸ್ಮಾಯ್, ಅರ್ವಾಗಳಲ್ಲಿ ಜನರ ಓಡಾಟ ಹೆಚ್ಚು, ಅಲ್ಲಿ ಬಾವಲಿ ಕಂಡರೆ ಅದೃಷ್ಟ. ಕಂಡರೆ ಫ್ಲ್ಯಾಶ್ ಹಾಕಬಾರದು. ಚಳಿಗಾಲದಲ್ಲಿ ಕೆಲವು ಮಂಪರಿನಲ್ಲಿ ತೂಗಿಕೊಂಡಿರುತ್ತವೆ, ಆಗ ಎಬ್ಬಿಸಿದರೆ ಮೈಯಲ್ಲಿ ಕೂಡಿಟ್ಟ ಕೊಬ್ಬು ಸುಮ್ಮನೆ ಖರ್ಚಾಗುತ್ತದೆ.

ಬಾವಲಿಗಳನ್ನೇ ನೋಡಬೇಕೆಂದರೆ ಗಾರೋ ಬೆಟ್ಟಗಳ ಸಿಜು ಗುಹೆಗೆ ಹೋಗಬೇಕು, ಸಿಮ್‌ಸಾಂಗ್ ನದಿಯ ದಂಡೆಯಲ್ಲಿದೆ. 1922ರಲ್ಲಿ ಸ್ಟ್ಯಾನ್ಲಿ ಕೆಂಪ್ ಮತ್ತು ಬಿ. ಚೋಪ್ರಾ ಅಲ್ಲಿನ ಜೀವಿಗಳನ್ನು ಒಂದೊಂದಾಗಿ ದಾಖಲಿಸಿದರು. ಭಾರತದ ಗುಹೆಯೊಂದರ ಜೀವಿಗಳ ಬಗ್ಗೆ ಅಷ್ಟು ಶ್ರದ್ಧೆಯಿಂದ ನಡೆದ ಮೊದಮೊದಲ ಕೆಲಸಗಳಲ್ಲಿ ಅದೊಂದು. ಆದರೆ ಸಿಜು ಮೇಘಾಲಯದ ಇನ್ನೊಂದು ತುದಿ, ಸೊಹ್ರಾದ ಜೊತೆಗೆ ಸೇರಿಸಿಕೊಳ್ಳಲು ಆಗುವುದಿಲ್ಲ. ಬಾವಲಿ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಕೆಡುಕು ಮಾಡುವ ಶಿಲೀಂಧ್ರ ಇರಬಹುದು. ಉಬ್ಬಸವಿರುವವರು ಅಂತಹ ಗುಹೆಯಿಂದ ದೂರವಿರುವುದು ಒಳ್ಳೆಯದು.

ಪುಟ್ಟನಿಗೆ ಇನ್ನೊಂದು ಸಂಗತಿ. ಜೈಂತಿಯಾ ಬೆಟ್ಟಗಳ ಕ್ರೆಂ ಉಮ್ಲದಾವ್ ಎಂಬ ಗುಹೆಯ ನೀರಿನಲ್ಲಿ ನಲವತ್ತು ಸೆಂಟಿಮೀಟರ್ ದಾಟುವ, ಮಾಸಲು ಬಿಳಿಯ ಕುರುಡು ಮೀನಿದೆ. ಜಗತ್ತಿನ ಗುಹೆ ಮೀನುಗಳಲ್ಲಿ ಈವರೆಗೆ ತಿಳಿದಿರುವ ಅತಿ ದೊಡ್ಡದು. 2023ರಲ್ಲಿ ಅದಕ್ಕೆ ಅಲ್ಲಿನ ಪ್ನಾರ್ ಜನರ ಹೆಸರಿನಲ್ಲೇ ನಿಯೋಲಿಸ್ಸೊಕೈಲಸ್ ಪ್ನಾರ್ ಎಂದು ನಾಮಕರಣವಾಯಿತು. ಪ್ರವಾಸಿಗರು ಇಳಿಯುವ ಗುಹೆಯಲ್ಲ ಅದು, ಹಗ್ಗ ಕಟ್ಟಿಕೊಂಡು ಇಳಿಯಬೇಕು.

ಸುಣ್ಣಕಲ್ಲು:

ಮೀನಿನ ವಿಷಯ ಬರೆದದ್ದಕ್ಕೆ ಸಂತೋಷವಾಯಿತು.

ಕರೆಂಟ್ ಹೋಗಬಹುದು. ಅದಕ್ಕೇ ಮಗನ ಕೈಯಲ್ಲಿ ಅವನದೇ ಟಾರ್ಚ್ ಇರಬೇಕು, ಮೊಬೈಲಿನ ಬೆಳಕಲ್ಲ. ಗುಹೆಗಳ ಒಳಗೆ ದಿನಗಟ್ಟಲೆ ಕೆಲಸ ಮಾಡುವವರು ಒಬ್ಬೊಬ್ಬರೂ ಮೂರು ಬೇರೆ ಬೇರೆ ಬೆಳಕು ಇಟ್ಟುಕೊಳ್ಳುತ್ತಾರೆ. ನಿಮಗೆ ತಲೆಗೊಂದು ಸಾಕು. ಬೆಳಕು ತನ್ನ ಕೈಯಲ್ಲಿದೆ, ಬೇಕೆಂದಾಗ ಹಾಕಬಹುದು ಎಂಬ ಧೈರ್ಯ ಮಕ್ಕಳಿಗೆ ಬಹಳ ದೊಡ್ಡದು. ನನ್ನ ಜೊತೆ ಬಂದ ಚಿಕ್ಕ ಹುಡುಗಿಯೊಬ್ಬಳು ಗುಹೆಯ ಉದ್ದಕ್ಕೂ ಟಾರ್ಚ್ ಹಾಕಲೇ ಇಲ್ಲ, ಆದರೆ ಬೆರಳನ್ನು ಗುಂಡಿಯ ಮೇಲಿಂದ ಒಂದು ಸಲವೂ ತೆಗೆಯಲಿಲ್ಲ.

ಬಾಗಿಲಲ್ಲಿ ನಿಂತು ಬರುವುದಿಲ್ಲ ಎಂದರೆ ಎತ್ತಿಕೊಂಡು ಹೋಗಬೇಡಿ. ಬಾಯಿಯ ಒಳಗೆ ಹಗಲಿನ ಬೆಳಕು ಇನ್ನೂ ಬೀಳುವ ಜಾಗದಲ್ಲಿ ಅವನೊಡನೆ ನಿಂತುಕೊಳ್ಳಿ. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆಲ್ಲ ಕಪ್ಪಾಗಿ ಕಾಣುವುದು ಸಹಜ. ಐದು ನಿಮಿಷದಲ್ಲಿ ಗೋಡೆ ಮೂಡುತ್ತದೆ, ಹತ್ತು ನಿಮಿಷದಲ್ಲಿ ಚಾವಣಿಯೂ ಕಾಣುತ್ತದೆ. ಎಷ್ಟೋ ಮಕ್ಕಳ ಹೆದರಿಕೆ ಈ ಹತ್ತು ನಿಮಿಷದಲ್ಲೇ ಕರಗುವುದನ್ನು ಕಂಡಿದ್ದೇನೆ. ಕರಗದಿದ್ದರೆ ಅಜ್ಜಿಯ ಜೊತೆ ಹೊರಗೇ ಇರಲಿ. ಗುಹೆ ಎಲ್ಲಿಗೂ ಹೋಗುವುದಿಲ್ಲ, ಹನ್ನೆರಡು ತುಂಬಿದ ಮೇಲೆ ಮತ್ತೆ ಬರಬಹುದು. ಅಳುವ ಮಗುವನ್ನು ಇಕ್ಕಟ್ಟಿನಲ್ಲಿ ಹೊತ್ತು ಸಾಗಿದರೆ ಆ ಭಯ ಬಹಳ ಕಾಲ ಉಳಿಯುತ್ತದೆ.

ಕಲ್ಲು ತರಬಾರದು. ನೆಲದಲ್ಲಿ ಬಿದ್ದದ್ದೂ ಬೇಡ. ಅವನು ಒಂದು ಪುಸ್ತಕ, ಪೆನ್ಸಿಲ್ ಒಯ್ಯಲಿ, ಕಂಡ ಚಿಪ್ಪಿನ ಚಿತ್ರ ಬರೆದುಕೊಳ್ಳಲಿ. ಬಿಡಿಸಲು ಕೂತಾಗ ಕಣ್ಣು ಎಷ್ಟು ಚುರುಕಾಗುತ್ತದೆ ಎಂಬುದು ಅವನಿಗೇ ಗೊತ್ತಾಗುತ್ತದೆ.

ಅವನಿಗೆ ಇನ್ನೊಂದು ಪತ್ತೇದಾರಿ ಕೆಲಸ ಕೊಡಿ. ದೀಪಗಳ ಸುತ್ತಮುತ್ತ ಕಲ್ಲು ಹಸಿರಾಗಿದೆಯೇ ನೋಡಲಿ. ಬಿಸಿಲು ಕಾಣದ ಗುಹೆಯಲ್ಲಿ ಹಸಿರು ಬೆಳೆಯಬಾರದು. ಪ್ರವಾಸಿಗರ ಬಟ್ಟೆ, ಚಪ್ಪಲಿಗಳಿಂದ ಉದುರಿದ ಕಣಗಳು, ಗಾಳಿ ನೀರು ತಂದ ಕಣಗಳು, ಮೇಲೆ ವಿದ್ಯುತ್ ದೀಪದ ಬೆಳಕು, ಇಷ್ಟಾದರೆ ಪಾಚಿ, ಹಾವಸೆ ಹತ್ತಿಕೊಳ್ಳುತ್ತವೆ. ಅವು ಒಸರುವ ಆಮ್ಲ ಕಲ್ಲನ್ನು ತಿನ್ನುತ್ತದೆ. ಜಗತ್ತಿನ ದೀಪ ಹಾಕಿದ ಗುಹೆಗಳಿಗೆಲ್ಲ ಇದೇ ಕಾಯಿಲೆ. ಜನ ಇರುವಾಗ ಮಾತ್ರ ಉರಿಯುವ ತಂಪು ಎಲ್‌ಇಡಿ ಹಾಕಿದರೆ ಕಡಿಮೆಯಾಗುತ್ತದೆ. ನಮ್ಮ ಉಸಿರೂ ಸಣ್ಣ ವಿಷಯವಲ್ಲ. ಫ್ರಾನ್ಸಿನ ಲಾಸ್ಕೊ ಗುಹೆಯ ಪ್ರಾಚೀನ ಚಿತ್ರಗಳು ಜನರ ಉಸಿರಿನಿಂದಲೂ ಪಾಚಿಯಿಂದಲೂ ಹಾಳಾಗತೊಡಗಿ 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಿಯೇಬಿಟ್ಟರು. ಹೆಚ್ಚು ಜನ ತುಂಬಿದ ಹೊತ್ತಿನಲ್ಲಿ ಹೋಗಬೇಡಿ ಎನ್ನುವುದಕ್ಕೆ ನನಗಿರುವ ಇನ್ನೊಂದು ಕಾರಣ ಇದು.

ಈಗ ಯಜಮಾನರಿಗೆ. ಸರ್, ಮಾವ್‌ಮ್ಲು ಪ್ರದರ್ಶನದ ಗುಹೆಯಲ್ಲ. ದೀಪವಿಲ್ಲ, ಕಟ್ಟಿದ ದಾರಿಯಿಲ್ಲ. ಸುಮಾರು ಏಳು ಕಿಲೋಮೀಟರ್ ಉದ್ದದ ಜಾಲ. ನೀರಿನಲ್ಲಿ ನಡೆಯಬೇಕು, ಕೆಲವೆಡೆ ತೆವಳಬೇಕು. ಚಳಿಗಾಲದಲ್ಲಿ, ಆ ಗುಹೆಯಲ್ಲಿ ಪಳಗಿದ ಸ್ಥಳೀಯ ಮಾರ್ಗದರ್ಶಕರೊಡನೆ, ಹೆಲ್ಮೆಟ್ ಮತ್ತು ತಲೆದೀಪ ಕಟ್ಟಿಕೊಂಡು ಹೋಗುವುದಾದರೆ ಹೋಗಿ. ಎಷ್ಟು ಗಂಟೆಗೆ ಹೊರಬರುತ್ತೀರಿ ಎಂದು ಹೊರಗಿರುವವರಿಗೆ ಹೇಳಿಹೋಗಿ. ಒಗೆದರೂ ಬಣ್ಣ ಬಿಡದ ಕೆಸರು ಮೆತ್ತಿಕೊಳ್ಳುತ್ತದೆ, ಹಳೆಯ ಬಟ್ಟೆ ಹಾಕಿಕೊಳ್ಳಿ. ಹೆಂಡತಿ ಮಕ್ಕಳನ್ನು ಹುರಿದುಂಬಿಸಿ ಕರೆದೊಯ್ಯಬೇಡಿ.

ನೀವು ಅಲ್ಲಿಗೇ ಹೋಗಬೇಕು ಎಂದದ್ದು ಮಾತ್ರ ನನಗೆ ಮೆಚ್ಚುಗೆಯಾಯಿತು. ಭೂಮಿಯ ಇತಿಹಾಸವನ್ನು ವಿಂಗಡಿಸುವ ಅಂತರರಾಷ್ಟ್ರೀಯ ಆಯೋಗ 2018ರಲ್ಲಿ, ಸುಮಾರು 4,200 ವರ್ಷಗಳ ಹಿಂದೆ ಶುರುವಾಗಿ ಇಂದಿನವರೆಗೆ ನಡೆದಿರುವ ಕಾಲಕ್ಕೆ ಮೇಘಾಲಯನ್ ಎಂದು ಹೆಸರಿಟ್ಟಿತು. ಅದರ ಆರಂಭದ ಗುರುತು ಸಿಕ್ಕಿದ್ದು ಮಾವ್‌ಮ್ಲುವಿನ ಒಂದು ಸ್ಟ್ಯಾಲಗ್ಮೈಟಿನಲ್ಲಿ, ಅಂದರೆ ನೆಲದಿಂದ ಮೇಲೆ ಬೆಳೆದ ಸುಣ್ಣದ ಕಂಬದಲ್ಲಿ. ಪದರಪದರವಾಗಿ ಕೂತ ಸುಣ್ಣದಲ್ಲಿ ಅಂದಂದಿನ ಮಳೆಯ ನೀರಿನ ಆಮ್ಲಜನಕದ ಗುರುತು ಉಳಿದಿರುತ್ತದೆ. ಭಾರಿ ಮತ್ತು ಹಗುರ ಆಮ್ಲಜನಕಗಳ ಪ್ರಮಾಣ ಅಳೆದರೆ ಮುಂಗಾರು ಯಾವಾಗ ಬಲವಾಗಿತ್ತು, ಯಾವಾಗ ಸೊರಗಿತು ಎಂದು ತಿಳಿಯುತ್ತದೆ. ಆ ಕಂಬದಲ್ಲಿ ಮುಂಗಾರು ಥಟ್ಟನೆ ಸೊರಗಿದ ಕಾಲ ಕಾಣಿಸಿತು. ಬೇರೆ ಬೇರೆ ಖಂಡಗಳಲ್ಲಿ ಸಿಕ್ಕ ಬರದ ಕುರುಹುಗಳೂ ಅದೇ ಕಾಲಕ್ಕೆ ಬಂದು ಸೇರಿದವು. ಜಗತ್ತಿನ ಅತಿ ಹೆಚ್ಚು ಮಳೆ ಸುರಿಯುವ ನೆಲದ ಒಂದು ಕಂಬ, ಸಾವಿರಾರು ಮೈಲಿಗಳಾಚೆಯ ಬರಕ್ಕೂ ಸಾಕ್ಷಿಯಾಗಿ ನಿಂತಿದೆ. 2022ರಲ್ಲಿ ಭೂವಿಜ್ಞಾನಗಳ ಅಂತರರಾಷ್ಟ್ರೀಯ ಒಕ್ಕೂಟ ಪ್ರಕಟಿಸಿದ ನೂರು ಭೂಪರಂಪರೆಯ ತಾಣಗಳ ಮೊದಲ ಪಟ್ಟಿಯಲ್ಲಿ ಮಾವ್‌ಮ್ಲು ಕೂಡ ಇದೆ. ಅಲ್ಲಿ ಕಾಲಿಡುವಾಗ ಯಾವ ಕಲ್ಲನ್ನು ತುಳಿಯುತ್ತಿದ್ದೇವೆ ಎಂದು ನೋಡಿ ತುಳಿಯಿರಿ.

ಮೇಘಾಲಯದಲ್ಲಿ ಸಾವಿರಕ್ಕೂ ಹೆಚ್ಚು ಗುಹೆಗಳು ದಾಖಲಾಗಿವೆ. ಅವುಗಳಲ್ಲಿ ದೀಪ ಹಾಕಿ ತೋರಿಸುವುದು ಬೆರಳೆಣಿಕೆಯಷ್ಟನ್ನು. ಶಿಲ್ಲಾಂಗ್‌ನ ಮೇಘಾಲಯ ಅಡ್ವೆಂಚರರ್ಸ್ ಅಸೋಸಿಯೇಷನ್‌ನ ಬ್ರಯಾನ್ ಖರ್‌ಪ್ರಾನ್ ಡಾಲಿ ಮತ್ತು ಅವರ ಜೊತೆ ವಿದೇಶಗಳಿಂದ ಬಂದ ಗುಹಾಶೋಧಕರು 1992ರಿಂದ ವರ್ಷಗಟ್ಟಲೆ ಕೆಸರಿನಲ್ಲಿ ತೆವಳಿ, ಟೇಪು ಹಿಡಿದು ಅಳೆದು ನಕ್ಷೆ ಬರೆದದ್ದರಿಂದ ಇಷ್ಟಾದರೂ ನಮಗೆ ಗೊತ್ತಾಗಿದೆ. ಜೈಂತಿಯಾ ಬೆಟ್ಟದ ಕ್ರೆಂ ಲಿಯಾಟ್ ಪ್ರಾಹ್ ಮೂವತ್ತು ಕಿಲೋಮೀಟರಿಗೂ ಉದ್ದ. ಮಾವ್‌ಸಿನ್‌ರಾಮ್ ಕಡೆಯ ಕ್ರೆಂ ಪುರಿ ಇನ್ನೂ ಅಚ್ಚರಿ, ಅದು ಸುಣ್ಣಕಲ್ಲಲ್ಲ, ಮರಳುಗಲ್ಲು. 2018ರಲ್ಲಿ ಅಳೆದಾಗ ಇಪ್ಪತ್ನಾಲ್ಕೂವರೆ ಕಿಲೋಮೀಟರ್ ಬಂತು. ಮರಳುಗಲ್ಲಿನ ಗುಹೆಗಳಲ್ಲಿ ಜಗತ್ತಿನಲ್ಲೇ ಅತಿ ಉದ್ದದ್ದು ಅದು.

ಮುಂಗಾರುಪ್ರಿಯ:

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ನಮಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ. ಆಗ ಈ ಗುಹೆಗಳಿಗೆ ಹೋಗಬಹುದೇ? ದೀಪ ಹಾಕಿದ ಗುಹೆಗೆ ಮಳೆಯಿಂದ ಏನು ತೊಂದರೆ, ಮೇಲೆ ಚಾವಣಿ ಇದೆಯಲ್ಲ ಎಂದು ನಮ್ಮ ಗುಂಪಿನಲ್ಲಿ ಒಬ್ಬರು ವಾದಿಸುತ್ತಿದ್ದಾರೆ.

ಸುಣ್ಣಕಲ್ಲು:

ಆ ವಾದ ಮಾಡುವವರಿಗೆ ಇದನ್ನು ಓದಿಸಿ. ಸುಣ್ಣಕಲ್ಲಿನ ಬೆಟ್ಟದಲ್ಲಿ ಚಾವಣಿ ಮಳೆಯನ್ನು ತಡೆಯುವುದಿಲ್ಲ, ಒಳಕ್ಕೆ ಇಳಿಸುತ್ತದೆ. ಬಿರುಕು, ಕುಳಿಗಳ ಮೂಲಕ ತೊರೆಗಳೇ ನೆಲದೊಳಗೆ ಮಾಯವಾಗುತ್ತವೆ. ಗುಹೆಗಳು ಆದದ್ದೇ ಆ ನೀರಿನ ದಾರಿಯಾಗಿ. ಸೊಹ್ರಾದಲ್ಲಿ ವರ್ಷಕ್ಕೆ ಸರಾಸರಿ ಹನ್ನೊಂದು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಬೀಳುವುದು ನೀವು ಹೋಗಬೇಕೆಂದಿರುವ ತಿಂಗಳುಗಳಲ್ಲೇ. 1860ರ ಆಗಸ್ಟ್‌ನಿಂದ ಮರುವರ್ಷದ ಜುಲೈವರೆಗೆ ಅಲ್ಲಿ ಬಿದ್ದದ್ದು 26,461 ಮಿಲಿಮೀಟರ್, ಹನ್ನೆರಡು ತಿಂಗಳಲ್ಲಿ ಒಂದೇ ಜಾಗದಲ್ಲಿ ಬಿದ್ದ ಮಳೆಯ ದಾಖಲೆ ಇಂದಿಗೂ ಅದೇ.

ಇನ್ನೊಂದು ವಿಷಯ ಹೊಸಬರಿಗೆ ತಿಳಿದಿರುವುದಿಲ್ಲ. ಸೊಹ್ರಾದಲ್ಲಿ ಮಳೆಯ ಅಬ್ಬರ ಹೆಚ್ಚಾಗಿ ರಾತ್ರಿ ಮತ್ತು ನಸುಕಿನ ಹೊತ್ತಿನಲ್ಲಿ. ಬೆಳಿಗ್ಗೆ ಹತ್ತಕ್ಕೆ ಆಕಾಶ ತಿಳಿಯಾಗಿರಬಹುದು, ಬಿಸಿಲೂ ಬಂದಿರಬಹುದು. ರಾತ್ರಿಯ ನೀರು ಮಾತ್ರ ಇನ್ನೂ ಬೆಟ್ಟದೊಳಗೆ ಇಳಿಯುತ್ತಲೇ ಇರುತ್ತದೆ. ಆಕಾಶ ನೋಡಿ ತೀರ್ಮಾನ ಮಾಡಬೇಡಿ. ಟಿಕೆಟ್ ಕೊಡುವವರನ್ನು ಕೇಳಿ. ನಿನ್ನೆ ರಾತ್ರಿ ಮಳೆ ಹೇಗಿತ್ತು, ಒಳಗೆ ನೀರು ಎಲ್ಲಿಯವರೆಗೆ ಇದೆ, ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಕೇಳಿ. ಆ ಊರಿನವರು ಅಲ್ಲೇ ಹುಟ್ಟಿ ಬೆಳೆದವರು, ನೀರಿನ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತದೆ. ಹೆಂಗಸರನ್ನು "ಕಾಂಗ್" ಎಂದೂ ಗಂಡಸರನ್ನು "ಬಾಹ್" ಎಂದೂ ಗೌರವದಿಂದ ಕರೆದು ಮಾತನಾಡಿಸಿ, ಮನಸ್ಸಿಟ್ಟು ಹೇಳುತ್ತಾರೆ.

ಮಾವ್‌ಸ್ಮಾಯ್‌ನಲ್ಲಿ ಮಳೆಗಾಲದಲ್ಲಿ ತಗ್ಗಿನ ಕಡೆ ನೀರು ನಿಂತಿರುತ್ತದೆ. ಹಿಡಿತವಿರುವ ಬೂಟು ಹಾಕಿ, ಹವಾಯಿ ಚಪ್ಪಲಿ ಬೇಡವೇ ಬೇಡ. ಅರ್ವಾದಲ್ಲಿ ಒಳಗೆ ತೊರೆ ಹರಿಯುತ್ತದೆ, ಅದು ಕಲಕಿ ಕೆಂಪಾಗಿದ್ದರೆ ಅಂದು ಒಳಗೆ ಹೋಗಬೇಡಿ. ಬೆಟ್ಟದ ಮಗ್ಗುಲಿನ ಕಾಲುದಾರಿಯಲ್ಲೂ ಪಾಚಿ ಕಟ್ಟಿರುತ್ತದೆ. ಮಾವ್‌ಮ್ಲುವಿನ ಹೆಸರೂ ಎತ್ತಬೇಡಿ, ಜುಲೈನಲ್ಲಿ ಅದು ಮನುಷ್ಯರು ಕಾಲಿಡುವ ಜಾಗವಲ್ಲ.

ಹಾಗೆಂದು ಜುಲೈನಲ್ಲಿ ಹೋಗಲೇಬೇಡಿ ಎನ್ನಲಾರೆ. ಚಳಿಗಾಲದಲ್ಲಿ ನಿಮಿಷಕ್ಕೊಂದು ಬೀಳುವ ಹನಿ ಆಗ ಸರದಂತೆ ಇಳಿಯುತ್ತಿರುತ್ತದೆ, ಗುಹೆ ಪೂರ್ತಿ ಸದ್ದು ಮಾಡುತ್ತದೆ. ಅನುಮತಿ ಸಿಕ್ಕ ದಿನ ಮೊದಲ ಅಂಗಳದವರೆಗಾದರೂ ಹೋಗಿ ನಿಂತು ಕೇಳಿ. ಸಿಗದ ದಿನ ವಾದ ಮಾಡದೆ ಗಾಡಿಯನ್ನು ಅಲ್ಲೇ ಹತ್ತಿರದ ನೋಹ್‌ಸ್ನ್ಗಿಥಿಯಾಂಗ್ ಜಲಪಾತದ ಕಡೆ ತಿರುಗಿಸಿ. ಏಳು ಸೋದರಿಯರು ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಅದು ತುಂಬಿ ಸುರಿಯುವುದು ಮಳೆಗಾಲದಲ್ಲಿ ಮಾತ್ರ. ಸುಣ್ಣಕಲ್ಲಿನ ಪ್ರಪಾತದಿಂದ ಮುನ್ನೂರು ಮೀಟರಿಗೂ ಹೆಚ್ಚು ಆಳಕ್ಕೆ ಸಾಲುಸಾಲಾಗಿ ನೀರು ಬೀಳುತ್ತದೆ. ಮಂಜು ಮುಚ್ಚಿಕೊಂಡಿದ್ದರೆ ಒಂದರ್ಧ ಗಂಟೆ ಕಾಯಿರಿ, ಗಾಳಿ ಬೀಸಿದಾಗ ತೆರೆದುಕೊಳ್ಳುತ್ತದೆ. ಕೊಡೆಗಿಂತ ರೇನ್‌ಕೋಟ್ ಒಳ್ಳೆಯದು, ಕಣಿವೆಯಿಂದ ಮೇಲಕ್ಕೆ ಬೀಸುವ ಗಾಳಿಗೆ ಕೊಡೆ ನಿಲ್ಲುವುದಿಲ್ಲ.